ಗೋಡೆಯ ಪಟಕ್ಕೆ ಎಷ್ಟು ಚುಕ್ಕಿ ಬೇಕು?

ಫೋನಿನಲ್ಲಿ ನೋಡಿದರೆ ಕಣ್ಣಿಗೆ ಹಬ್ಬ. ಅದೇ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮನೆಗೆ ತಂದರೆ ಮುಖವೆಲ್ಲ ಮಸುಕು ಮಸುಕು, ಸೀರೆಯ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. "ಏನ್ರೀ, ಫೋನಿನಲ್ಲಿ ಎಷ್ಟು ಚೆನ್ನಾಗಿತ್ತು! ಸ್ಟುಡಿಯೋದವನು ಹಾಳು ಮಾಡಿಬಿಟ್ಟ" ಎಂದು ಬೈದುಕೊಳ್ಳುವುದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಪಾಪ, ಬಹಳ ಸಲ ಅವನದೇನೂ ತಪ್ಪಿರುವುದಿಲ್ಲ. ನಾವು ಕೊಟ್ಟ ಫೋಟೋದಲ್ಲೇ ಸರಕು ಇರುವುದಿಲ್ಲ.

ಹುಟ್ಟುಹಬ್ಬದ ಫೋಟೋ ಕೆಟ್ಟರೆ ಹೋಗಲಿ ಬಿಡಿ, ಮುಂದಿನ ವರ್ಷ ಇನ್ನೊಂದು ತೆಗೆಯಬಹುದು. ಆದರೆ ಮನೆಯ ಹಿರಿಯರೊಬ್ಬರು ತೀರಿಕೊಂಡಾಗ? ಹತ್ತು ಹನ್ನೆರಡು ದಿನದೊಳಗೆ ಗೋಡೆಗೆ ಒಂದು ಪಟ ಬೇಕು. ಆಗ ಎಲ್ಲರೂ ತಂತಮ್ಮ ಫೋನು ತೆಗೆದು ಹುಡುಕಲು ಕೂರುತ್ತಾರೆ. ಕೊನೆಗೆ ಸಿಕ್ಕುವುದು ಯಾವುದೋ ಮದುವೆಯ ಗುಂಪು ಚಿತ್ರದ ಮೂಲೆಯಲ್ಲಿ ಕೂತ ಒಂದು ಪುಟ್ಟ ಮುಖ. ಅದೂ ಯಾರೋ ಯಾರಿಗೋ ಕಳಿಸಿ, ಅವರು ಇನ್ಯಾರಿಗೋ ಕಳಿಸಿ, ಕೈಯಿಂದ ಕೈಗೆ ದಾಟಿ ಬಂದದ್ದು. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರೆ, ಜನ್ಮವಿಡೀ ಜೊತೆಯಲ್ಲಿದ್ದವರ ಮುಖ ನಮಗೇ ಗುರುತು ಸಿಗದ ಹಾಗಿರುತ್ತದೆ. ಇದು ಸಣ್ಣ ನೋವಲ್ಲ.

ಈ ನೋವನ್ನು ತಪ್ಪಿಸಲು ಕಂಪ್ಯೂಟರ್ ಕಲಿಯಬೇಕಾಗಿಲ್ಲ. ಒಂದು ಸುಲಭದ ಭಾಗಾಕಾರ ಗೊತ್ತಿದ್ದರೆ ಸಾಕು. "ಮೆಗಾಪಿಕ್ಸೆಲ್, ರೆಸಲ್ಯೂಷನ್ ಎಲ್ಲ ಹುಡುಗರ ಮಾತು, ನಮಗೇಕೆ?" ಎಂದು ಪುಟ ಮಗುಚಬೇಡಿ. ಚುಕ್ಕಿ ಎಣಿಸಿ ರಂಗೋಲಿ ಹಾಕುವ ಕೈಗಳಿಗೆ ಈ ವಿದ್ಯೆ ಹೊಸದೇನಲ್ಲ.

ರಂಗೋಲಿಯ ಲೆಕ್ಕವೇ ಇದು

ಏಳು ಚುಕ್ಕಿ ಏಳು ಸಾಲಿನ ರಂಗೋಲಿಯನ್ನು ನೆನೆಸಿಕೊಳ್ಳಿ. ಒಟ್ಟು ನಲವತ್ತೊಂಬತ್ತು ಚುಕ್ಕಿ. ಇದರಲ್ಲಿ ಒಂದು ಹೂವು ಬರುತ್ತದೆ, ಬಹಳವಾದರೆ ಒಂದು ದೀಪ. ನವಿಲು, ತೇರು ಬರೆಯಬೇಕೆಂದರೆ ಇಪ್ಪತ್ತೊಂದು ಸಾಲಾದರೂ ಬೇಕು. ಚುಕ್ಕಿ ಹೆಚ್ಚಿದಷ್ಟೂ ನಾಜೂಕು ಕೆಲಸ. ಕಸೂತಿ ಹಾಕುವ ಧಾರವಾಡದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಎಳೆ ಎಣಿಸಿ ಹೊಲಿಯುವಾಗ ಎಳೆ ನವಿರಾದಷ್ಟೂ ಗೋಪುರ ಅಂದವಾಗಿ ಏಳುತ್ತದೆ.

ಫೋನಿನ ಫೋಟೋ ಕೂಡ ಇಂಥ ಚುಕ್ಕಿಗಳ ಸಾಲುಗಳೇ. ಒಂದೊಂದು ಚುಕ್ಕಿಗೂ ಒಂದೊಂದು ಬಣ್ಣ. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಚುಕ್ಕಿ ಎಂಬುದೇ ಫೋಟೋದ ನಿಜವಾದ ಅಳತೆ. ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕಿ, ಅಷ್ಟೇ. ೧೨ ಮೆಗಾಪಿಕ್ಸೆಲ್ ಫೋಟೋದಲ್ಲಿ ಅಡ್ಡಕ್ಕೆ ಸುಮಾರು ೩,೦೦೦, ಉದ್ದಕ್ಕೆ ಸುಮಾರು ೪,೦೦೦ ಚುಕ್ಕಿ. ಗುಣಿಸಿದರೆ ಒಂದು ಕೋಟಿ ಇಪ್ಪತ್ತು ಲಕ್ಷ. ಫೋನು ಕೊಳ್ಳುವಾಗ ೫೦ ಎಂದೋ ೧೦೮ ಎಂದೋ ದೊಡ್ಡ ಅಂಕಿ ತೋರಿಸುತ್ತಾರಲ್ಲ, ಅಂಥವುಗಳಲ್ಲೂ ಬಹಳಷ್ಟು ಫೋನುಗಳು ನಾಲ್ಕಾರು ಚುಕ್ಕಿ ಕೂಡಿಸಿ ಒಂದು ಮಾಡಿ, ಸುಮಾರು ೧೨ ಮೆಗಾಪಿಕ್ಸೆಲ್ ಚಿತ್ರವನ್ನೇ ನಮ್ಮ ಕೈಗೆ ಕೊಡುತ್ತವೆ. ಗೃಹಕೃತ್ಯಕ್ಕೆ ಅದು ಧಾರಾಳವಾಗಿ ಸಾಕು.

ಈಗ ಮುಖ್ಯವಾದ ಮಾತು. ಏಳು ಸಾಲಿನ ಚುಕ್ಕಿಯನ್ನು ಹೊಸ್ತಿಲ ಮುಂದೆ ಒತ್ತಾಗಿ ಇಟ್ಟರೆ ಹೂವು ಮುದ್ದಾಗಿ ಕಾಣುತ್ತದೆ. ಅದೇ ನಲವತ್ತೊಂಬತ್ತು ಚುಕ್ಕಿಯನ್ನು ದೇವಸ್ಥಾನದ ಅಂಗಳದ ತುಂಬ ಹರಡಿ ಎಂದರೆ? ಒಂದು ಚುಕ್ಕಿ ಇಲ್ಲಿ, ಇನ್ನೊಂದು ಅಲ್ಲಿ. ಚುಕ್ಕಿ ಹೆಚ್ಚಲಿಲ್ಲ, ಜಾಗ ಹೆಚ್ಚಿತು. ಫೋಟೋ ದೊಡ್ಡದು ಮಾಡುವುದೆಂದರೆ ಇದೇ. ಇರುವ ಚುಕ್ಕಿಗಳನ್ನೇ ಎಳೆದು ದಪ್ಪ ಮಾಡುತ್ತಾರೆ, ಅವು ಚೌಕಳಿ ಚೌಕಳಿಯಾಗಿ ಕಣ್ಣಿಗೆ ಬೀಳುತ್ತವೆ. ಒಂದು ಸೌಟು ಹಿಟ್ಟನ್ನು ದೊಡ್ಡ ಕಾವಲಿಯ ಅಂಚಿನವರೆಗೂ ಎಳೆದರೆ ದೋಸೆಯಲ್ಲಿ ತೂತು ಬೀಳುವುದಿಲ್ಲವೇ, ಹಾಗೆ.

ಜಗತ್ತಿನ ಮೊದಲ ಚುಕ್ಕಿ ಚಿತ್ರ ಒಂದು ಮಗುವಿನದು

೧೯೫೭ರಲ್ಲಿ ಅಮೆರಿಕದ ಸರ್ಕಾರಿ ಅಳತೆ-ತೂಕಗಳ ಸಂಸ್ಥೆಯಲ್ಲಿ ರಸೆಲ್ ಕಿರ್ಷ್ ಎಂಬ ಎಂಜಿನಿಯರ್ ಇದ್ದರು. ಕಂಪ್ಯೂಟರಿಗೆ ಚಿತ್ರ ತೋರಿಸಿದರೆ ಹೇಗೆ ಎಂಬ ಯೋಚನೆ ಅವರಿಗೆ ಬಂತು. ಅದಕ್ಕೊಂದು ಯಂತ್ರ ಸಿದ್ಧಮಾಡಿದರು. ಮೊದಲು ಯಾವ ಚಿತ್ರ ಕೊಟ್ಟರು ಗೊತ್ತೇ? ಮೂರು ತಿಂಗಳ ತಮ್ಮ ಮಗ ವಾಲ್ಡನ್‌ನ ಫೋಟೋ! ಯಾವ ದೇಶವಾದರೇನು, ಹೆತ್ತವರ ಮನಸ್ಸು ಒಂದೇ. ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿ ಸೇರಿಸಿದ ಮೊತ್ತಮೊದಲ ಫೋಟೋ ಅದು.

ಆ ಚಿತ್ರದಲ್ಲಿ ಇದ್ದದ್ದು ಅಡ್ಡಕ್ಕೆ ೧೭೬, ಉದ್ದಕ್ಕೆ ೧೭೬ ಚುಕ್ಕಿ. ಒಟ್ಟು ೩೦,೯೭೬. ಇಂದಿನ ೧೨ ಮೆಗಾಪಿಕ್ಸೆಲ್ ಫೋಟೋದಲ್ಲಿ ಅದರ ೩೮೦ ಪಟ್ಟಿಗೂ ಹೆಚ್ಚು ಚುಕ್ಕಿಗಳಿರುತ್ತವೆ. ಹಾಗಿದ್ದೂ ಆ ಮಗುವಿನ ಮುಖ, ಕಣ್ಣು, ತುಟಿ ಗುರುತಿಗೆ ಸಿಗುತ್ತವೆ. ಸಣ್ಣದಾಗಿ ನೋಡಿದರೆ ಮಾತ್ರ. ದೊಡ್ಡದು ಮಾಡಿದರೆ ಬರೀ ಚೌಕ.

ಪರದೆಗೆ ಸಾಕು, ಕಾಗದಕ್ಕೆ ಸಾಲದು

ಒಂದೇ ಫೋಟೋ ಫೋನಿನಲ್ಲಿ ಚೆನ್ನಾಗಿದ್ದು ಕಾಗದದ ಮೇಲೆ ಏಕೆ ಕೆಡುತ್ತದೆ? ಇದರ ಗುಟ್ಟು ಇಷ್ಟೇ: ಪರದೆಗೆ ಬೇಕಾಗುವ ಚುಕ್ಕಿಗಳು ಕಡಿಮೆ.

ಸಾಧಾರಣ ಫೋನಿನ ಪರದೆಯ ಅಗಲಕ್ಕೆ ಇರುವುದು ೭೨೦ ಇಲ್ಲವೇ ೧,೦೮೦ ಚುಕ್ಕಿ. ನಿಮ್ಮ ಫೋಟೋದಲ್ಲಿ ಅಡ್ಡಕ್ಕೆ ೩,೦೦೦ ಚುಕ್ಕಿ ಇದ್ದರೂ ಫೋನು ಅದನ್ನು ಕುಗ್ಗಿಸಿಯೇ ತೋರಿಸಬೇಕು. ಹಾಗಾಗಿ ೩,೦೦೦ ಚುಕ್ಕಿಯ ಫೋಟೋ ಆಗಲಿ, ೧,೨೦೦ ಚುಕ್ಕಿಯದಾಗಲಿ, ಅಂಗೈಯಗಲದ ಪರದೆಯಲ್ಲಿ ಎರಡೂ ಅವಳಿ ಮಕ್ಕಳಂತೆ ಒಂದೇ ಥರ. ಯಾವುದು ಗಟ್ಟಿ, ಯಾವುದು ಜಳ್ಳು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮೋಸ ಹೋಗುವುದು ಇಲ್ಲೇ.

ಟೀವಿಯ ಮಾತು ಇನ್ನೂ ಸ್ವಾರಸ್ಯ. ಫುಲ್ ಎಚ್‌ಡಿ ಟೀವಿಯಲ್ಲಿ ಅಡ್ಡಕ್ಕೆ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕಿ. ಒಟ್ಟು ಇಪ್ಪತ್ತೊಂದು ಲಕ್ಷವೂ ಇಲ್ಲ. ೫೫ ಅಂಗುಲದ ಅಂಥ ಟೀವಿಯಲ್ಲಿ ಅಂಗುಲಕ್ಕೆ ಬೀಳುವುದು ಬರೀ ೪೦ ಚುಕ್ಕಿ! ಆದರೂ ಧಾರಾವಾಹಿ ನೋಡುವಾಗ ನಾಯಕಿಯ ಮೂಗುಬೊಟ್ಟಿನ ಹೊಳಪೂ ಕಾಣುತ್ತದೆ. ಏಕೆಂದರೆ ನಾವು ಕೂರುವುದು ಏಳೆಂಟು ಅಡಿ ದೂರದಲ್ಲಿ. ದೂರದಿಂದ ನೋಡಿದಾಗ ಅಕ್ಕಪಕ್ಕದ ಚುಕ್ಕಿಗಳು ಕಣ್ಣಿಗೆ ಕೂಡಿಕೊಂಡುಬಿಡುತ್ತವೆ. ಊರಬಾಗಿಲಿನ ದೊಡ್ಡ ಬ್ಯಾನರನ್ನು ಹತ್ತಿರ ಹೋಗಿ ನೋಡಿ, ಬರೀ ಚುಕ್ಕಿ ಚುಕ್ಕಿ. ರಸ್ತೆಯ ಆಚೆಯಿಂದ ನೋಡಿ, ನುಣುಪಾದ ಮುಖ.

ಕೈಯಲ್ಲಿ ಹಿಡಿದು ನೋಡುವ ಫೋಟೋ ಹಾಗಲ್ಲ. ಅದು ಕಣ್ಣಿನಿಂದ ಹತ್ತು ಹನ್ನೆರಡು ಅಂಗುಲ ದೂರದಲ್ಲಿರುತ್ತದೆ. ಅಷ್ಟು ಹತ್ತಿರದಲ್ಲಿ ಚುಕ್ಕಿಗಳು ಬೇರೆ ಬೇರೆಯಾಗಿ ಕಾಣಬಾರದು ಎಂದರೆ, ಒಳ್ಳೆಯ ಕಣ್ಣಿನವರಿಗೆ ಅಂಗುಲಕ್ಕೆ ಸುಮಾರು ೩೦೦ ಚುಕ್ಕಿ ಬೇಕಾಗುತ್ತದೆ. ಸ್ಟುಡಿಯೋದವರು, ಪ್ರೆಸ್ಸಿನವರು "ಮುನ್ನೂರು ಡಿಪಿಐ" ಎನ್ನುತ್ತಾರಲ್ಲ, ಅದು ಇದೇ: ಅಂಗುಲಕ್ಕೆ ಮುನ್ನೂರು ಚುಕ್ಕಿ.

ಗೋಡೆಯ ಮೇಲಿನ ಪಟವನ್ನು ಮೂರು ನಾಲ್ಕು ಅಡಿ ದೂರದಿಂದ ನೋಡುತ್ತೇವೆ. ಅದಕ್ಕೆ ಅಂಗುಲಕ್ಕೆ ೧೫೦ ಇದ್ದರೂ ನಡೆಯುತ್ತದೆ. ಅದಕ್ಕಿಂತ ಕೆಳಗೆ ಇಳಿದಂತೆಲ್ಲ ಮುಖದ ಕಳೆ ಇಳಿಯುತ್ತದೆ.

ಕೈಬೆರಳಿನ ಲೆಕ್ಕ

ಫೋನಿನಲ್ಲಿ ಒಂದು ಫೋಟೋ ತೆರೆಯಿರಿ. ಅದನ್ನು ಬೆರಳಿನಿಂದ ಮೇಲಕ್ಕೆ ಸರಿಸಿದರೆ, ಇಲ್ಲವೇ ಮೂಲೆಯ ಮೂರು ಚುಕ್ಕಿ ಒತ್ತಿ "ಡೀಟೇಲ್ಸ್" ಎಂಬುದನ್ನು ಮುಟ್ಟಿದರೆ, ೩೦೦೦ × ೪೦೦೦ ಎಂಬಂಥ ಎರಡು ಅಂಕಿಗಳು ಕಾಣುತ್ತವೆ. ಅದೇ ಅಡ್ಡ ಉದ್ದದ ಚುಕ್ಕಿ.

ಅದನ್ನು ೩೦೦ರಿಂದ ಭಾಗಿಸಿ. ಕೊನೆಯ ಎರಡು ಅಂಕಿ ಬಿಟ್ಟುಬಿಟ್ಟು ಮೂರರಿಂದ ಭಾಗಿಸಿದರೆ ಮುಗಿಯಿತು. ೩,೦೦೦ಕ್ಕೆ ಹತ್ತು ಅಂಗುಲ. ೪,೦೦೦ಕ್ಕೆ ಹದಿಮೂರು ಅಂಗುಲ ಚಿಲ್ಲರೆ. ಅಂದರೆ ಈ ಫೋಟೋವನ್ನು ಹತ್ತಕ್ಕೆ ಹದಿಮೂರು ಅಂಗುಲದವರೆಗೆ ಧೈರ್ಯವಾಗಿ ಹಾಕಿಸಬಹುದು. ಗೋಡೆಗೆ ಮಾತ್ರ ಎಂದರೆ ಬಂದ ಉತ್ತರವನ್ನು ಎರಡರಿಂದ ಗುಣಿಸಿಕೊಳ್ಳಿ.

ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳಿಗೆ ಬೇಕಾಗುವ ಚುಕ್ಕಿಗಳು ಇವು. ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿಕೊಂಡರೂ ಆದೀತು:

ಪಾಸ್‌ಪೋರ್ಟ್ ಅಳತೆ (೩೫ × ೪೫ ಮಿಲಿಮೀಟರ್) – ೪೧೩ × ೫೩೧
೪ × ೬ ಅಂಗುಲ (ಆಲ್ಬಮ್ಮಿಗೆ) – ೧,೨೦೦ × ೧,೮೦೦
೫ × ೭ ಅಂಗುಲ (ಮೇಜಿನ ಚೌಕಟ್ಟಿಗೆ) – ೧,೫೦೦ × ೨,೧೦೦
೮ × ೧೦ ಅಂಗುಲ – ೨,೪೦೦ × ೩,೦೦೦
೮ × ೧೨ ಅಂಗುಲ – ೨,೪೦೦ × ೩,೬೦೦
೧೨ × ೧೮ ಅಂಗುಲ (ಗೋಡೆಗೆ, ಅಂಗುಲಕ್ಕೆ ೧೫೦ರ ಲೆಕ್ಕ) – ೧,೮೦೦ × ೨,೭೦೦

ಇಲ್ಲಿ ಇನ್ನೊಂದು ಎಚ್ಚರ. ಫೋನಿನ ಫೋಟೋ ಮೂರಕ್ಕೆ ನಾಲ್ಕರ ಆಕಾರ. ನಾಲ್ಕಕ್ಕೆ ಆರರ ಕಾಗದ ಅದಕ್ಕಿಂತ ನೀಳ. ಆದ್ದರಿಂದ ಅಡ್ಡ ಹಿಡಿದು ತೆಗೆದ ಗುಂಪು ಚಿತ್ರವನ್ನು ಆ ಕಾಗದದ ತುಂಬ ಹಾಕಿದಾಗ ಮೇಲೆ ಕೆಳಗೆ ಒಂದಿಷ್ಟು ಹಾರಿಹೋಗುತ್ತದೆ. ಹಿಂದಿನ ಸಾಲಿನ ಅಳಿಯಂದಿರ ತಲೆ, ಮುಂದಿನ ಸಾಲಿನ ಮಕ್ಕಳ ಕಾಲು ಮಾಯ! ತೆಗೆಯುವಾಗಲೇ ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆಯಿರಿ. ಸೀರೆಗೆ ಫಾಲ್ ಹಚ್ಚಲು ಅಂಚು ಬಿಟ್ಟ ಹಾಗೆ.

ಚುಕ್ಕಿಗಳು ಸೋರಿಹೋಗುವುದೆಲ್ಲಿ?

ಕ್ಯಾಮೆರಾ ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕಿ ಕೊಟ್ಟರೂ ಸ್ಟುಡಿಯೋ ತಲಪುವ ಹೊತ್ತಿಗೆ ಇಪ್ಪತ್ತು ಲಕ್ಷ ಉಳಿದಿರುತ್ತದೆ. ತೂತಿನ ಚೀಲದಲ್ಲಿ ರಾಗಿ ಹೊತ್ತ ಹಾಗೆ. ತೂತುಗಳು ಯಾವುವು, ನೋಡೋಣ.

ಮೊದಲನೆಯದು ವಾಟ್ಸಾಪು. ಎಲ್ಲರಿಗೂ ಬೇಗ ತಲಪಲಿ, ಡೇಟಾ ಉಳಿಯಲಿ ಎಂದು ಅದು ಮಾಮೂಲಾಗಿ ಕಳಿಸಿದ ಫೋಟೋವನ್ನು ಕುಗ್ಗಿಸುತ್ತದೆ. ಉದ್ದನೆಯ ಬದಿಯಲ್ಲಿ ಬಹುಮಟ್ಟಿಗೆ ೧,೬೦೦ರ ಆಸುಪಾಸು ಚುಕ್ಕಿ ಉಳಿಯುತ್ತದೆ. ೨೦೨೩ರ ಆಗಸ್ಟಿನಿಂದ "ಎಚ್‌ಡಿ" ಎಂಬ ಗುಂಡಿ ಬಂದಿದೆ. ಅದನ್ನು ಒತ್ತಿ ಕಳಿಸಿದರೆ ಹೆಚ್ಚು ಚುಕ್ಕಿ ಉಳಿಯುತ್ತದೆ, ಆದರೂ ಅಸಲು ಅಲ್ಲ. ಅಸಲೇ ಹೋಗಬೇಕೆಂದರೆ ಲಗತ್ತಿಸುವಾಗ "ಫೋಟೋ" ಎಂಬುದರ ಬದಲು "ಡಾಕ್ಯುಮೆಂಟ್" ಎಂಬುದನ್ನು ಆರಿಸಿ, ಅಲ್ಲಿಂದ ಫೋಟೋ ತೆಗೆದು ಕಳಿಸಿ. ಒಂದು ಚುಕ್ಕಿಯೂ ಕಮ್ಮಿಯಾಗುವುದಿಲ್ಲ. ಪೆನ್‌ಡ್ರೈವಿಗೆ ಹಾಕಿ ಕೊಟ್ಟರೂ, ಈಮೇಲಿಗೆ ಲಗತ್ತಿಸಿದರೂ ಹಾಗೆಯೇ.

ಎರಡನೆಯದು ಸ್ಕ್ರೀನ್‌ಶಾಟ್. ಫೋಟೋ ಉಳಿಸಿಕೊಳ್ಳಲು ಬಾರದೆ ಪರದೆಯನ್ನೇ ಹಿಡಿದಿಟ್ಟುಕೊಳ್ಳುವವರು ಬಹಳ. ಅದರಲ್ಲಿ ಪರದೆಯಲ್ಲಿದ್ದಷ್ಟೇ ಚುಕ್ಕಿ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮೊಮ್ಮಗುವಿನ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುವಾಗ ಹಿಡಿದ ಚಿತ್ರವೂ ಇದೇ ಜಾತಿ. ಫೋನಿನಲ್ಲಿ ನೋಡಿ ಮುದ್ದಾಡಲು ಅಡ್ಡಿಯಿಲ್ಲ. ಚೌಕಟ್ಟು ಹಾಕಿಸುವುದಾದರೆ ಮಗಳಿಗೋ ಸೊಸೆಗೋ ಹೇಳಿ ಅಸಲು ಫೋಟೋ ತರಿಸಿಕೊಳ್ಳಿ.

ಮೂರನೆಯದು ಜೂಮ್. ಮಂಟಪದಲ್ಲಿರುವ ಮದುಮಗಳನ್ನು ಹತ್ತನೆಯ ಸಾಲಿನಲ್ಲಿ ಕೂತು ಎರಡು ಬೆರಳಿನಿಂದ ಹಿಗ್ಗಿಸಿ ತೆಗೆಯುತ್ತೇವೆ. ದೂರಕ್ಕೆಂದೇ ಬೇರೆ ಮಸೂರ ಇಲ್ಲದ ಫೋನು ಆಗ ಮಾಡುವುದು ಏನು? ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುತ್ತದೆ. ಎರಡು ಪಟ್ಟು ಹಿಗ್ಗಿಸಿದರೆ ಉಳಿಯುವ ನಿಜವಾದ ಚುಕ್ಕಿ ಕಾಲುಭಾಗ. ಅದಕ್ಕಿಂತ ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗುವುದು ಮೇಲು.

ನಾಲ್ಕನೆಯದು ಅರ್ಜಿ ತುಂಬುವ ಗಡಿಬಿಡಿ. ಮಕ್ಕಳ ಪರೀಕ್ಷೆಗೆ, ಕೆಲಸಕ್ಕೆ ಅರ್ಜಿ ಹಾಕುವಾಗ "ಇಷ್ಟು ಕೆಬಿಗಿಂತ ಹೆಚ್ಚಿರಬಾರದು" ಎಂಬ ನಿಯಮವಿರುತ್ತದೆ. ಬ್ಯಾಂಕ್ ನೌಕರಿಯ ಪರೀಕ್ಷೆ ನಡೆಸುವ ಐಬಿಪಿಎಸ್ ತನ್ನ ಅರ್ಜಿಗಳಲ್ಲಿ ಕೇಳುತ್ತ ಬಂದಿರುವ ಫೋಟೋ ೨೦೦ × ೨೩೦ ಚುಕ್ಕಿಯದು, ೨೦ರಿಂದ ೫೦ ಕೆಬಿ ಒಳಗೆ. ಪರದೆಯ ಮೇಲೆ ಗುರುತು ಹಿಡಿಯಲು ಅಷ್ಟು ಸಾಕು. ಆದರೆ ಕುಗ್ಗಿಸಿದ್ದನ್ನು ಅಸಲಿನ ಮೇಲೆಯೇ ಉಳಿಸಿಬಿಟ್ಟರೆ ಮಗನ ಆ ಫೋಟೋ ಮುಕ್ಕಾಲು ಅಂಗುಲದ ಚೀಟಿಗಷ್ಟೇ ಲಾಯಕ್ಕು. ಮೊದಲು ಒಂದು ನಕಲು ಮಾಡಿಕೊಳ್ಳಿ, ನಕಲನ್ನು ಕುಗ್ಗಿಸಿ.

ಐದನೆಯದು ಮತ್ತೆ ಮತ್ತೆ ತಿದ್ದುವುದು. ಜೆಪೆಗ್ ಎಂಬ ಮಾದರಿಯಲ್ಲಿ ಉಳಿಸಿದ ಚಿತ್ರವನ್ನು ತೆರೆದು, ತಿದ್ದಿ, ಮತ್ತೆ ಉಳಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ನಯ ಹೋಗುತ್ತದೆ. ಜೆರಾಕ್ಸಿನ ಜೆರಾಕ್ಸ್ ತೆಗೆಸಿದ ಹಾಗೆ. ಸುಮ್ಮನೆ ನೋಡುವುದರಿಂದ, ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುವುದರಿಂದ ಏನೂ ಸವೆಯುವುದಿಲ್ಲ, ಹೆದರಬೇಡಿ.

ಗುಂಪಿನಲ್ಲಿ ಒಂದು ಮುಖ

ಈಗ ಮೊದಲು ಹೇಳಿದ ಗೋಡೆಯ ಪಟದ ಲೆಕ್ಕಕ್ಕೆ ಬರೋಣ. ಮದುವೆಯ ಗುಂಪು ಚಿತ್ರ. ಒಂದು ಸಾಲಿನಲ್ಲಿ ಹದಿನಾರು ಜನ. ವಾಟ್ಸಾಪಿನಲ್ಲಿ ಬಂದದ್ದು, ಅಡ್ಡಕ್ಕೆ ೧,೬೦೦ ಚುಕ್ಕಿ. ಹಂಚಿದರೆ ಒಬ್ಬೊಬ್ಬರ ಪಾಲಿಗೆ ನೂರು. ಆ ನೂರು ಚುಕ್ಕಿಯನ್ನು ಎಂಟು ಅಂಗುಲ ಅಗಲದ ಪಟಕ್ಕೆ ಎಳೆದರೆ ಅಂಗುಲಕ್ಕೆ ಹನ್ನೆರಡೂವರೆ ಚುಕ್ಕಿ. ಬೇಕಾದದ್ದು ಕಡಿಮೆಯೆಂದರೂ ನೂರೈವತ್ತು! ಯಾವ ಸ್ಟುಡಿಯೋದವನ ಕೈಯಲ್ಲಿ ತಾನೇ ಇದು ಸರಿಹೋದೀತು? ಅಸಲು ಫೋಟೋವೇ ಸಿಕ್ಕಿತೆನ್ನಿ, ಅಡ್ಡಕ್ಕೆ ೪,೦೦೦. ಆಗಲೂ ಒಬ್ಬರ ಪಾಲಿಗೆ ೨೫೦. ಒಂದು ಪಾಸ್‌ಪೋರ್ಟ್ ಅಳತೆಗೂ ಪೂರಾ ಸಾಲದು.

ಅದೇ ಅಜ್ಜಿಯನ್ನು ಒಂದು ದಿನ ಜಗಲಿಯ ಬೆಳಕಿನಲ್ಲಿ ಕೂರಿಸಿ, ಎದೆಮಟ್ಟಕ್ಕೆ, ಒಬ್ಬರನ್ನೇ ತೆಗೆದಿದ್ದರೆ? ೩,೦೦೦ × ೪,೦೦೦ ಚುಕ್ಕಿಯೂ ಅವರದೇ. ಹತ್ತಕ್ಕೆ ಹದಿಮೂರು ಅಂಗುಲದ ಪಟದಲ್ಲಿ ಕೆನ್ನೆಯ ಸುಕ್ಕು, ಹಣೆಯ ಹಚ್ಚೆ, ಬುಗುಡಿಯ ಮುತ್ತು ಎಲ್ಲ ಇದ್ದ ಹಾಗೇ ಇರುತ್ತದೆ. ಇದಕ್ಕೆ ಬೇಕಾದದ್ದು ಎರಡು ನಿಮಿಷ.

"ನನಗ್ಯಾಕೆ ಈ ವಯಸ್ಸಿನಲ್ಲಿ ಫೋಟೋ" ಎಂದು ಹಿರಿಯರು ಅನ್ನುವುದುಂಟು. ಹಬ್ಬದ ದಿನ ಹೊಸ ಸೀರೆ ಉಟ್ಟಾಗ, ಮೊಮ್ಮಕ್ಕಳ ಜೊತೆ ಮಾತಾಡುತ್ತಿರುವಾಗ ಕೇಳಿ, ಬೇಡವೆನ್ನಲಾರರು. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಕೂರಿಸಿ, ಕಿಟಕಿ ಅವರ ಬೆನ್ನಿಗೆ ಇರದ ಹಾಗೆ ನೋಡಿಕೊಳ್ಳಿ. ಫೋನಿನ ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಒಗ್ಗರಣೆಯ ಎಣ್ಣೆಯ ಕೈ ತಗುಲಿದ್ದರೆ ಎಷ್ಟು ಕೋಟಿ ಚುಕ್ಕಿ ಇದ್ದೂ ಮಂಜೇ. ಹಿಂದಿನ ಬದಿಯ ಕ್ಯಾಮೆರಾದಿಂದಲೇ ತೆಗೆಯಿರಿ. ವಾಟ್ಸಾಪಿನ ಒಳಗಿನಿಂದಲ್ಲ, ಫೋನಿನ ಸ್ವಂತ ಕ್ಯಾಮೆರಾ ತೆರೆದು. ಕೈ ನಡುಗದಂತೆ ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ಅಲುಗಿದ ಫೋಟೋದಲ್ಲಿ ಚುಕ್ಕಿ ಲೆಕ್ಕಕ್ಕೆ ಇರುತ್ತದೆ, ಮುಖ ಇರುವುದಿಲ್ಲ.

ಹಳೆಯ ಆಲ್ಬಮ್ಮಿನ ಮಾತು

ಟ್ರಂಕಿನ ತಳದಲ್ಲಿ ಅಂಚು ಕತ್ತರಿಸಿದ ಪುಟ್ಟ ಕಪ್ಪು-ಬಿಳುಪು ಫೋಟೋಗಳು ಇದ್ದಾವು. ಅವನ್ನು ಸ್ಕ್ಯಾನ್ ಮಾಡಿಸುವಾಗಲೂ ಇದೇ ಲೆಕ್ಕ ಕೈಹಿಡಿಯುತ್ತದೆ. ಎರಡಕ್ಕೆ ಮೂರು ಅಂಗುಲದ ಫೋಟೋವನ್ನು ೩೦೦ ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ೬೦೦ × ೯೦೦ ಚುಕ್ಕಿ ಸಿಗುತ್ತದೆ. ಅಷ್ಟೇ ಅಳತೆಗೆ ಮತ್ತೆ ಮುದ್ರಿಸಬಹುದು. ೬೦೦ರಲ್ಲಿ ಮಾಡಿದರೆ ೧,೨೦೦ × ೧,೮೦೦. ನಾಲ್ಕಕ್ಕೆ ಆರು ಅಂಗುಲಕ್ಕೆ ದೊಡ್ಡದು ಮಾಡಬಹುದು. ಆದ್ದರಿಂದ ಅಂಗಡಿಯಲ್ಲಿ "ಆರುನೂರರಲ್ಲಿ ಸ್ಕ್ಯಾನ್ ಮಾಡಿಕೊಡಿ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕಾಗದಪತ್ರಕ್ಕೆ ಮಾಡುವ ಹಾಗೆ ಕಡಿಮೆಯಲ್ಲಿ ಮಾಡಿ ಕೊಟ್ಟಾರು.

ಸ್ಕ್ಯಾನರ್ ಇಲ್ಲದ ಊರಾದರೆ ಫೋನೇ ಸಾಕು. ಫೋಟೋವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಪಕ್ಕದಿಂದ ಕಿಟಕಿಯ ಬೆಳಕು ಬೀಳುವಂತೆ ಮಾಡಿ, ಫ್ಲಾಷ್ ಇಲ್ಲದೆ, ಫೋನನ್ನು ನೆಟ್ಟಗೆ ಮೇಲಿನಿಂದ ಹಿಡಿದು, ಚೌಕದ ತುಂಬ ಬರುವಂತೆ ತೆಗೆಯಿರಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಮಾತ್ರ ಕೀಳಲು ಹೋಗಬೇಡಿ, ಮುಖವೇ ಕಿತ್ತು ಬಂದೀತು. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಹಳೆಯ ನೆಗೆಟಿವ್ ಸುರುಳಿಗಳಿದ್ದರೆ ಎಸೆಯಲೇಬೇಡಿ. ಮಾಮೂಲು ನೆಗೆಟಿವಿನ ಒಂದು ಚಿತ್ರ ೩೬ × ೨೪ ಮಿಲಿಮೀಟರ್. ಅದಕ್ಕೆಂದೇ ಇರುವ ಸ್ಕ್ಯಾನರಿನಲ್ಲಿ ೨,೪೦೦ ಡಿಪಿಐಗೆ ಇಟ್ಟು ಸ್ಕ್ಯಾನ್ ಮಾಡಿದರೆ ಸುಮಾರು ೩,೪೦೦ × ೨,೨೭೦ ಚುಕ್ಕಿ ಸಿಗುತ್ತದೆ. ಹನ್ನೊಂದು ಅಂಗುಲ ಅಗಲದ ಪಟಕ್ಕೆ ಸಾಕು! ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಣ ಜಾಗದಲ್ಲಿ ಇಡಿ.

ಕೆಲವು ಸಂದೇಹಗಳು

"ಈಗ ಮಸುಕು ಫೋಟೋ ತಿಳಿ ಮಾಡುವ ಆಪ್‌ಗಳು ಇವೆಯಲ್ಲ?" ಇವೆ. ಕೃತಕ ಬುದ್ಧಿಮತ್ತೆಯ ಆ ಆಪ್‌ಗಳು ಕಳೆದುಹೋದ ಚುಕ್ಕಿಗಳನ್ನು ಹುಡುಕಿ ತರುವುದಿಲ್ಲ. ಲಕ್ಷಗಟ್ಟಲೆ ಬೇರೆ ಚಿತ್ರಗಳನ್ನು ಕಂಡ ಅನುಭವದ ಮೇಲೆ ಇಲ್ಲಿ ಹೀಗಿದ್ದಿರಬಹುದು ಎಂದು ಊಹಿಸಿ ಹೊಸದಾಗಿ ಬರೆಯುತ್ತವೆ. ಚಿತ್ರವೇನೋ ನುಣ್ಣಗೆ ಬರುತ್ತದೆ. ಆದರೆ ತುಟಿಯ ಮೇಲಿನ ಮಚ್ಚೆ ಅಳಿಸಿಹೋಗಬಹುದು, ಕಣ್ಣಿನ ಆಕಾರ ಬದಲಾಗಬಹುದು. ಗೋಡೆಯ ಮೇಲೆ ಚೆಂದದ ಅಜ್ಜಿಯೊಬ್ಬರು ಇರುತ್ತಾರೆ, ನಮ್ಮ ಅಜ್ಜಿ ಇರುವುದಿಲ್ಲ. ಬೇರೆ ದಾರಿಯೇ ಇಲ್ಲದಾಗ ಬಳಸಿ. "ಮುಖ ಬದಲಾಗಬಾರದು" ಎಂದು ಸ್ಟುಡಿಯೋದವರಿಗೆ ಹೇಳಿ, ಅವರನ್ನು ಹತ್ತಿರದಿಂದ ಬಲ್ಲವರಿಗೆ ತೋರಿಸಿ ಒಪ್ಪಿಗೆಯಾದ ಮೇಲೆ ಪ್ರಿಂಟ್ ಹಾಕಿಸಿ. ಮಸುಕಾದ ಅಸಲನ್ನೂ ಜೋಪಾನವಾಗಿಡಿ.

"ನಮ್ಮ ಫೋಟೋ ೭೨ ಡಿಪಿಐ ಅಂತ ತೋರಿಸುತ್ತೆ, ಪ್ರಿಂಟಿಗೆ ಆಗಲ್ಲ ಅಂದರು." ಆ ಅಂಕಿಗೆ ಹೆದರಬೇಡಿ. ಅದು ಫೋಟೋದ ಮೇಲೆ ಅಂಟಿಸಿದ ಚೀಟಿಯಿದ್ದಂತೆ. ೧೯೮೪ರಲ್ಲಿ ಬಂದ ಮೆಕಿಂತೋಷ್ ಕಂಪ್ಯೂಟರಿನ ಪರದೆಯಲ್ಲಿ ಅಂಗುಲಕ್ಕೆ ೭೨ ಚುಕ್ಕಿ ಇತ್ತು. ಆ ಹಳೆಯ ಲೆಕ್ಕದ ನೆನಪು ಇನ್ನೂ ಉಳಿದುಕೊಂಡಿದೆ. ಡಬ್ಬಿಯ ಮೇಲಿನ ಚೀಟಿ ಬದಲಾಯಿಸಿದರೆ ಒಳಗಿನ ಬೇಳೆ ಹೆಚ್ಚುವುದೂ ಇಲ್ಲ, ಕಮ್ಮಿಯಾಗುವುದೂ ಇಲ್ಲ. ಅಡ್ಡ ಉದ್ದದ ಚುಕ್ಕಿ ಎಷ್ಟಿದೆ ಎಂದಷ್ಟೇ ನೋಡಿ.

"ಎಂಬಿ ಹೆಚ್ಚಿದ್ದರೆ ಒಳ್ಳೆಯದಲ್ಲವೇ?" ಸುಮಾರಾಗಿ ಹೌದು. ಒಂದೇ ಫೋಟೋದ ಎರಡು ಪ್ರತಿಯಲ್ಲಿ ೩ ಎಂಬಿಯದು ಅಸಲು, ೨೦೦ ಕೆಬಿಯದು ಕುಗ್ಗಿದ್ದು ಎಂದು ಗುರುತು ಹಿಡಿಯಲು ಅನುಕೂಲ. ಆದರೆ ಅಳತೆಯ ಕೋಲು ಚುಕ್ಕಿಯೇ.

ಸ್ಟುಡಿಯೋಗೆ ಹೊರಡುವ ಮುನ್ನ

೧. ಫೋಟೋ ತೆಗೆದವರು ಯಾರೆಂದು ವಿಚಾರಿಸಿ, ಅವರ ಫೋನಿನಲ್ಲಿರುವ ಅಸಲನ್ನೇ ತರಿಸಿ. "ಡಾಕ್ಯುಮೆಂಟ್ ಮಾಡಿ ಕಳಿಸು" ಎಂದು ಹೇಳುವುದನ್ನು ಮರೆಯಬೇಡಿ.
೨. ಚುಕ್ಕಿ ನೋಡಿ, ೩೦೦ರಿಂದ ಭಾಗಿಸಿ.
೩. ಉತ್ತರ ಚಿಕ್ಕದಾಗಿ ಬಂದರೆ ಪಟದ ಅಳತೆಯನ್ನೇ ಇಳಿಸಿ. ಮಸುಕಾದ ದೊಡ್ಡ ಪಟಕ್ಕಿಂತ ತಿಳಿಯಾದ ಚಿಕ್ಕ ಪಟ ಲೇಸು. ಚಿಕ್ಕ ಫೋಟೋದ ಸುತ್ತ ಅಗಲವಾದ ಬಿಳಿಯ ರಟ್ಟು ಬಿಟ್ಟು ಚೌಕಟ್ಟು ಹಾಕಿಸಿದರೆ ಗೋಡೆಗೂ ಒಪ್ಪುತ್ತದೆ.
೪. ಖರ್ಚು ಹೆಚ್ಚಿನ ದೊಡ್ಡ ಪ್ರಿಂಟಿಗೆ ಮೊದಲು ಮುಖದ ಭಾಗವನ್ನು ಮಾತ್ರ ಅದೇ ಅಳತೆಯಲ್ಲಿ ಒಂದು ಚಿಕ್ಕ ಕಾಗದಕ್ಕೆ ಹಾಕಿಸಿ ನೋಡಿ.
೫. ಮುಖ್ಯವಾದ ಫೋಟೋಗಳನ್ನು ಫೋನಿನಲ್ಲಲ್ಲದೆ ಇನ್ನೆರಡು ಕಡೆಯಾದರೂ ಇಡಿ. ಫೋನು ನೀರಿಗೆ ಬೀಳುವುದು, ಕಳವಾಗುವುದು ಹೇಳಿ ಕೇಳಿ ಆಗುವುದಿಲ್ಲ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಬಿಟ್ಟುಹೋದ ಚುಕ್ಕಿಯನ್ನು ಆಮೇಲೆ ಯಾವ ಯಂತ್ರವೂ ಹಿಂದಕ್ಕೆ ತಂದುಕೊಡಲಾರದು. ತೆಗೆಯುವಾಗ ತುಂಬಿಕೊಂಡದ್ದೇ ನಮ್ಮದು. ಈ ಭಾನುವಾರ ಊಟವಾದ ಮೇಲೆ ಎರಡು ನಿಮಿಷ ಬಿಡುವು ಮಾಡಿಕೊಳ್ಳಿ. ಅತ್ತೆಯೋ ಅಮ್ಮನೋ ಮಾವನೋ, ಮನೆಯಲ್ಲಿ ಯಾರಿದ್ದಾರೋ ಅವರನ್ನು ಬೆಳಕಿಗೆ ಕೂರಿಸಿ, ತಲೆ ಬಾಚಿ, ಹೂವು ಮುಡಿಸುವ ಹಾಗಿದ್ದರೆ ಮುಡಿಸಿ, ಒಂದು ಫೋಟೋ ತೆಗೆಯಿರಿ. ಪ್ರಿಂಟ್ ಹಾಕಿಸಿ ಮೊದಲು ಅವರ ಕೈಗೇ ಕೊಡಿ. "ಅಯ್ಯೋ, ನಾನೇನಾ ಇದು?" ಎಂದು ಅವರು ನಗುವುದನ್ನು ನೋಡುವ ಭಾಗ್ಯ ನಿಮ್ಮದಾಗಲಿ.